ಅಲ್ಲೇ ಇಡು

ಮೊರಬದಲ್ಲಿ ಬಸ್ಸಿಳಿಯುವ ಹೊತ್ತಿಗೆ ಚೀಲದ ತಳ ಒದ್ದೆಯಾಗಿ ಮರೆವ್ವಳ ಸೊಂಟಕ್ಕೆ ತಣ್ಣಗೆ ತಾಕುತ್ತಿತ್ತು. ನವಲಗುಂದದಲ್ಲಿ ಕಲ್ಲಿನಂತಿದ್ದ ಐಸು ಅಷ್ಟರಲ್ಲೇ ನೀರು. ಆಗಲಿ, ಮೇ ತಿಂಗಳ ಬಿಸಿಲಿಗೆ ಐಸು ಕರಗದೆ ಇನ್ನೇನು ಮಾಡೀತು, ಅದರ ತಪ್ಪೇನೂ ಇಲ್ಲ. ತಪ್ಪು ಯಾರದು ಎಂದೇ ಅವಳು ಬಸ್ಸಿನ ಕಿಟಕಿಯ ಸರಳಿಗೆ ಹಣೆಯೊತ್ತಿ ದಾರಿಯುದ್ದಕ್ಕೂ ಯೋಚಿಸುತ್ತ ಬಂದಿದ್ದಳು. ಪ್ರತಿ ಸಲವೂ ಉತ್ತರ ತಿರುಗಿ ತನ್ನ ಮುಂದೆಯೇ ಬಂದು ನಿಂತಾಗ ಸಿಟ್ಟು ನೆತ್ತಿಗೇರುತ್ತಿತ್ತು. ಚೀಲದಲ್ಲಿ, ಐಸಿಗೆ ನೇರ ತಾಗದ ಹಾಗೆ ಡಬ್ಬಿಯಲ್ಲಿಟ್ಟು ಟವೆಲ್ಲು ಸುತ್ತಿ ತಂದದ್ದು ಒಂದು ಸಣ್ಣ ಬಾಟಲಿ ಇನ್ಸುಲಿನ್. ಶಂಭುಲಿಂಗಪ್ಪನವರ ಸೊಸೆ ಅಮೃತಾಳಿಗೆ. ಎಂಟು ತಿಂಗಳ ಬಸುರಿ, ಚೊಚ್ಚಲು. ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ಇನ್ನೂರು ದಾಟುತ್ತಿದೆ. ನಿನ್ನೆ ತಾಲೂಕು ದವಾಖಾನೆಯಲ್ಲಿ ನರ್ಸು ಚುಚ್ಚಿಕೊಳ್ಳುವುದನ್ನು ಕಲಿಸಿ, ಸೂಜಿಗಳನ್ನು ಕೊಟ್ಟು ಕಳಿಸಿದ್ದಳು. ಔಷಧಿ ಮಾತ್ರ ಇವತ್ತು ಬೆಳಿಗ್ಗೆ ಬಂತು. “ನೋಡ ಮರೆವ್ವಾ, ಇವತ್ತ ಮಧ್ಯಾಹ್ನದ ಊಟಕ್ಕಿಂತ ಮೊದಲ ಶುರು ಆಗಬೇಕು,” ಎಂದಿದ್ದರು ಡಾಕ್ಟರು. “ಒಯ್ದಕೂಡಲೆ ಫ್ರಿಜ್ಜಿನಾಗ ಇಡಸು. ಬಿಸಲಾಗ ಬಿತ್ತಂದ್ರ ಅದು ಔಷಧ ಅಲ್ಲ, ನೀರು.” ಆಶಾ ಕಾರ್ಯಕರ್ತೆಯಾಗಿ ಹದಿನಾಲ್ಕು ವರ್ಷವಾದ ಮರೆವ್ವ ಹೂಂ ಎಂದಿದ್ದಳು. ಬಿಸಿಲಿನಲ್ಲಿ ಬೀಳುತ್ತದೋ ಇಲ್ಲವೋ ಎಂಬುದು ತನ್ನ ಕೈಯಲ್ಲಿಲ್ಲ, ತನ್ನ ಕೈಯಿಂದಲೇ ಬೀಳುವುದು ಎಂದು ಡಾಕ್ಟರಿಗೆ ಹೇಳಲಿಕ್ಕೆ ಬಾಯಿ ಬರಲಿಲ್ಲ.

ಬಸ್‌ಸ್ಟ್ಯಾಂಡಿನ ಬೇವಿನ ಮರದಡಿ ಅಸ್ಲಂ ಕಬ್ಬಿನ ಹಾಲಿನ ಗಾಡಿ ಹಚ್ಚಿದ್ದ. “ಚಾಚಿ, ಮತ್ತ ಐಸ್ ಬೇಕೇನು?” ಎಂದು ಅವನೇ ಕೇಳಿ, ಗೋಣಿಚೀಲದೊಳಗಿನ ಗಡ್ಡೆಯಿಂದ ಒಂದು ತುಂಡು ಒಡೆದು, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕೈಗೆ ಕೊಟ್ಟ. ಕೈಗೆ. ಮರೆವ್ವ ಅದನ್ನು ಚೀಲದೊಳಗೆ ಡಬ್ಬಿಯ ಬದಿಗೆ ಇಟ್ಟುಕೊಂಡಳು. ಇಷ್ಟು ಸಣ್ಣ ವಿಷಯ ಗಮನಕ್ಕೆ ಬರುವ ಹಾಗಾಯಿತಲ್ಲ ಎಂದು ತನ್ನ ಮೇಲೆಯೇ ಹೇಸಿಕೆಯಾಯಿತು. ನಲವತ್ಮೂರು ವರ್ಷದ ಹೆಂಗಸು, ಊರಿನ ಅರ್ಧದಷ್ಟು ಮಕ್ಕಳ ಹುಟ್ಟಿದ ತಾರೀಕು ಬಾಯಿಪಾಠ ಇರುವವಳು, ಯಾರು ಕೈಗೆ ಕೊಟ್ಟರು ಯಾರು ನೆಲಕ್ಕಿಟ್ಟರು ಎಂದು ನೋಡುತ್ತ ತಿರುಗುವುದೆಂದರೆ! ಅಷ್ಟರಲ್ಲಿ ಫೋನು ಬಂತು. ಪ್ರಾಜೆಕ್ಟಿನ ಸೌಂದರ್ಯಾ ಮೇಡಂ. ಸಂಶಿಯ ಹುಡುಗಿ, ಹುಬ್ಬಳ್ಳಿಯಲ್ಲಿ ಆಫೀಸು, ಮಾತಿನಲ್ಲಿ ಭಾಳ ಮೃದು. “ಮರೆವ್ವಾರ, ಅಮೃತಾದು ಹನ್ನೆರಡು ವಾರದ ಕಾರ್ಡ್ ಇವತ್ತ ಮುಚ್ಚಬೇಕ್ರಿ. ಡೋಸ್ ಎಲ್ಲಾ ಬರೋಬ್ಬರಿ, ಸ್ಟಿಕ್ಕರ್ ಎಲ್ಲಾ ಬೆಳ್ಳಗ, ಹಿಂಗ ಬರದು ಕಳಸ್ಲಿ? ನೀವೊಮ್ಮೆ ಹೂಂ ಅಂದ್ರ ಆತು.” ಮರೆವ್ವ ಚೀಲ ಹೆಗಲಿಗೇರಿಸಿದಳು. “ಮಧ್ಯಾಹ್ನ ಫೋನ್ ಮಾಡತೀನ್ರಿ ಮೇಡಮ್ಮಾರ, ಬಿಸಲಾಗ ಅದೀನಿ,” ಎಂದು ಕಟ್ ಮಾಡಿ, ತನ್ನೂರಿನ ಕಡೆಗೆ ಎರೆಹೊಲದ ನಡುವಿನ ರಸ್ತೆಯಲ್ಲಿ ಬಿರಬಿರನೆ ನಡೆಯತೊಡಗಿದಳು. ಎರಡು ಕಿಲೋಮೀಟರು. ಕಡಲೆ ಕಿತ್ತು ಬೋಳಾದ ಹೊಲಗಳು ಬಿರಿದು ಬಾಯಿ ಬಿಟ್ಟಿದ್ದವು.

ಬೆಳ್ಳಗ! ಬೆಳ್ಳಗಿರದೆ ಏನು? ಆ ಸ್ಟಿಕ್ಕರುಗಳು ಅಮೃತಾಳ ಡಬ್ಬಿಯವೇ ಅಲ್ಲ. ಈ ಪ್ರಾಜೆಕ್ಟು ಶುರುವಾದಾಗ ತಾಲೂಕಿನ ಆಶಾಗಳನ್ನೆಲ್ಲ ಕೂಡಿಸಿ ಸೌಂದರ್ಯಾ ಮೇಡಂ ಎರಡು ದಿನ ಟ್ರೇನಿಂಗು ಕೊಟ್ಟಿದ್ದಳು. ಪ್ರೊಬಯೋಟಿಕ್ ಅಂತ ಗುಳಿಗೆ. ಗುಳಿಗೆಯಲ್ಲಿ ಔಷಧ ಇಲ್ಲ, ಜೀವ ಇದೆ. ಮೊಸರಿನ ಹೆಪ್ಪಿನಲ್ಲಿರುವಂಥ, ಕಣ್ಣಿಗೆ ಕಾಣದ ಜೀವ. ಅವು ಬಸುರಿಯ ಹೊಟ್ಟೆಯಲ್ಲಿ ನೆಲೆಯಾದರೆ ಬಸಿರಿನಲ್ಲಿ ಬರುವ ಶುಗರ್ ಹತೋಟಿಗೆ ಬಂದೀತೇ, ಹುಟ್ಟುವ ಕೂಸಿನ ಹೊಟ್ಟೆಗೂ ಒಳ್ಳೆಯದಾದೀತೇ ಎಂದು ನೋಡುವುದು. ಆದೀತೋ ಇಲ್ಲವೋ ಯಾರಿಗೂ ಖಚಿತವಿಲ್ಲ, ನೋಡಲಿಕ್ಕೇ ಪ್ರಾಜೆಕ್ಟು. ಅರ್ಧ ಡಬ್ಬಿಗಳಲ್ಲಿ ಜೀವ, ಅರ್ಧ ಡಬ್ಬಿಗಳಲ್ಲಿ ಬರೀ ಹಿಟ್ಟು; ಯಾರದು ಯಾವುದು ಎಂದು ಕೊಡುವವರಿಗೂ ಗೊತ್ತಿರುವುದಿಲ್ಲ, ತಗೊಳ್ಳುವವರಿಗೂ ಇಲ್ಲ. ತಂಪಿನಲ್ಲಿಟ್ಟರೆ ಬದುಕುತ್ತವೆ, ಬಿಸಿಲಿಗೆ ಸಾಯುತ್ತವೆ. ಅದಕ್ಕೇ ಪ್ರತಿ ಡಬ್ಬಿಗೆ ಎರಡು ಸ್ಟಿಕ್ಕರು, ಮುಚ್ಚಳದ ಮೇಲೊಂದು, ಒಂದು ಹರಿದರೆ ಇನ್ನೊಂದಿರಲಿ ಎಂದು ತಳಕ್ಕೊಂದು. ನಡುವೆ ಬಿಳೀ ಬೊಟ್ಟು. ಕಾವು ತಾಗಿದರೆ ಬೊಟ್ಟು ಕಪ್ಪಾಗುತ್ತದೆ. ವಾರದ ಡಬ್ಬಿ ಮುಗಿದ ಮೇಲೆ ಒಂದು ಸ್ಟಿಕ್ಕರು ಕಿತ್ತು ಬಸುರಿಯ ಕಾರ್ಡಿಗೆ ಅಂಟಿಸಬೇಕು. “ಈ ಜೀವಗಳನ್ನ ಮೊದಲ ಎಲ್ಲಿಂದ ತಂದಾರ್ರಿ?” ಎಂದು ಯಾರೋ ಕೇಳಿದಾಗ, ಸೌಂದರ್ಯಾ ಮೇಡಂ ನಕ್ಕು, ಕೆಲವನ್ನು ತಾಯಿಯ ಹಾಲಿನಿಂದ, ಕೆಲವನ್ನು ಎಂದೋ ಎಲ್ಲಿಯೋ ಒಂದು ಕೂಸಿನ ಹೇಲಿನಿಂದ ತೆಗೆದು ಬೆಳೆಸಿದ್ದಾರೆ ಎಂದಿದ್ದಳು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು. ಮರೆವ್ವಳೂ ನಕ್ಕಿದ್ದಳು. ಆ ಕೂಸು ಯಾವ ಓಣಿಯದೋ, ಯಾರ ಮನೆಯದೋ! ಅದರ ಹೇಲಿನ ಹುಳ ಅಮೃತಾಳ ಅತ್ತೆ ಕಸ್ತೂರೆವ್ವನ ಮನೆಯ ಒಳಕೋಣೆಗೆ ಹೋಗಬಹುದು, ದೇವರ ಜಗಲಿಗೆ ತಾಗಿ ನಿಂತ ಫ್ರಿಜ್ಜಿನಲ್ಲಿ ತಂಪಾಗಿ ಕೂಡಬಹುದು. ಅದನ್ನು ಹೊತ್ತು ತಂದವಳು ಹೊಸ್ತಿಲಾಚೆ ನಿಲ್ಲಬೇಕು. ಈಗ ಬಿಸಿಲಿನಲ್ಲಿ ಒಬ್ಬಳೇ ನಡೆಯುತ್ತ ಅದು ನೆನಪಾಗಿ ನಗು ಬರಲಿಲ್ಲ.

ಮೊದಲ ವಾರ ಅವಳು ಡಬ್ಬಿ ಹಿಡಿದು ಹೋದಾಗ ಕಸ್ತೂರೆವ್ವ ಬಾಗಿಲಲ್ಲಿ ನಿಂತು ಬಾಯಿ ತುಂಬ ಮಾತಾಡಿದ್ದಳು. ಅದೇ ಮರೆವ್ವಳಿಗೆ ತಡೆಯಲಾಗದ್ದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. “ಬಾರವಾ ಮರೆವ್ವಾ, ಎಷ್ಟ ಬಿಸಲಾಗ ತಿರಗ್ತೀಯವಾ, ನಿನ್ನಂಥಾಕಿ ಇರೂದರಿಂದ ನಮ್ಮ ಊರಾಗ ಬಸರು ಬಾಣಂತನ ಸುಸೂತ್ರ ಆಗ್ತಾವ,” ಎಂದು ಎಲ್ಲ ಹೇಳಿ, ಕೈ ಚಾಚುವ ಹೊತ್ತಿಗೆ, “ಪೂಜಿ ಆಗೇತಿ, ಇನ್ನ ಪ್ರಸಾದ ಆಗಿಲ್ಲ. ಅಲ್ಲೇ ಇಡವಾ,” ಎಂದು ಬಾಗಿಲ ಬದಿಯ ಕಲ್ಲಿನ ಕಟ್ಟೆ ತೋರಿಸಿದ್ದಳು. ಎರಡನೆಯ ವಾರ ಕೈಗೆ ಹಿಟ್ಟು ಹತ್ತಿತ್ತು. ಮೂರನೆಯ ವಾರ ಸ್ವಾಮಿಗಳು ಪಾದಪೂಜೆಗೆ ಬರುವವರಿದ್ದರು. ಆಮೇಲಾಮೇಲೆ ನೆಪವೂ ನಿಂತಿತು, “ಅಲ್ಲೇ ಇಡವಾ” ಒಂದೇ ಉಳಿಯಿತು. ಸಂಜೆಗೆ ತರುತ್ತೇನೆ, ಅಮೃತಾಳ ಗಂಡ ಕಾಶಿನಾಥಪ್ಪಾರು ಹೊಲದಿಂದ ಬಂದಿರುತ್ತಾರಲ್ಲ, ಅವರು ಒಳಗೆ ಒಯ್ಯಲಿ ಎಂದರೆ, ದೀಪ ಹಚ್ಚುವ ಹೊತ್ತಿಗೆ ಬರಬೇಡ ಎಂದಳು. ಡಬ್ಬಿ ತಾಲೂಕಿನಿಂದ ಬರುವುದೇ ಮಧ್ಯಾಹ್ನದ ಬಸ್ಸಿಗೆ; ಬಸುರಿ ಮಟಮಟ ಮಧ್ಯಾಹ್ನ ಹೊಸ್ತಿಲು ದಾಟುವಂತಿಲ್ಲ, ಹೀಗಾಗಿ ಅಮೃತಾ ತಾನೇ ಬಂದು ತಗೊಳ್ಳುವಂತಿಲ್ಲ. ಡಬ್ಬಿ ಕಟ್ಟೆಯ ಮೇಲೆ ಕೂಡುವುದು, ಹೊತ್ತು ಇಳಿಯುವತನಕ. ಐದನೆಯ ವಾರವೋ ಆರನೆಯದೋ, ಮರೆವ್ವ ಡಬ್ಬಿ ಇಟ್ಟು ಓಣಿ ತಿರುಗುವ ಮುಂಚೆ ಒಳಗಿನಿಂದ ಅಮೃತಾ, “ಅತ್ತೀ, ಕಾವು ಹತ್ತಿದ್ರ ಕೆಡ್ತೈತಂತ್ರಿ,” ಎಂದದ್ದೂ, ಕಸ್ತೂರೆವ್ವ ಅದಕ್ಕೆ, “ಇರಲಿ ಬಿಡು, ಬಿಸಲ ಬಡೀಲಿ. ಬಿಸಲ ಬಡದ ಮ್ಯಾಲ ಯಾವ ಮೈಲಿಗೀನೂ ಉಳಿಯಂಗಿಲ್ಲ,” ಎಂದದ್ದೂ ಕೇಳಿಸಿತ್ತು. ಏನು ಶುದ್ಧ, ಏನು ಶುದ್ಧ! ಒಂದು ಜೀವವೂ ಉಳಿಯದಷ್ಟು ಶುದ್ಧ. ಆ ವಾರದ ಡಬ್ಬಿ ತಿರುಗಿ ಕೈಗೆ ಬಂದಾಗ ಬೊಟ್ಟು ಹಂಚಿನ ತಳದ ಹಾಗೆ ಕಪ್ಪಾಗಿತ್ತು.

ಹೇಳಬಹುದಿತ್ತಲ್ಲ, ಆಗಲೇ? ಕಾರ್ಡಿನಲ್ಲಿ ಒಂದು ಖಾನೆ ಇತ್ತು, ‘ಡಬ್ಬಿಯನ್ನು ಎಲ್ಲಿ ಇಡಲಾಗಿದೆ?’ ಎಂದು. ಫ್ರಿಜ್, ನೀರಿನ ಹರವಿಯ ಬಾಜು, ಇತರೆ. ‘ಇತರೆ’ ಎಂದು ಬರೆದರೆ ಸೌಂದರ್ಯಾ ಮೇಡಂ ಯಾಕೆ ಎನ್ನುತ್ತಾಳೆ. ಯಾಕೆ ಎಂಬುದಕ್ಕೆ ಮರೆವ್ವ ಬಾಯಿಬಿಟ್ಟು ಹೇಳಬೇಕು: ಮೇಡಮ್ಮಾರ, ನಾನು ಹೊಲಗೇರಿಯವಳು, ನನ್ನ ಕೈಯಿಂದ ತಗೊಳ್ಳುವುದಿಲ್ಲ. ಆ ಒಂದು ವಾಕ್ಯ ಹೇಳಲಿಕ್ಕೆ ಆಗದೆ ಅವಳು ಫ್ರಿಜ್ ಎಂದು ಟಿಕ್ ಹಾಕಿದಳು. ಅವರು ಮಾಡಿದ್ದಕ್ಕೆ ನಾಚಿಕೆ ಇವಳಿಗೆ! ಬಾಣಂತನಕ್ಕೆ ಬಂದಿದ್ದ ಮಗಳು ಶಿವಾನಿಯೂ ಅದೇ ಪ್ರಾಜೆಕ್ಟಿನಲ್ಲಿದ್ದಳು. ಫ್ರಿಜ್ಜು ಇಲ್ಲದ ಮನೆಯಲ್ಲಿ ಶಿವಾನಿಯ ಡಬ್ಬಿಯನ್ನು ಹಸೀ ಬಟ್ಟೆ ಸುತ್ತಿ ಹರವಿಯ ಬಾಜು ಇಟ್ಟಿದ್ದಕ್ಕೆ ಎರಡೂ ಬೊಟ್ಟು ಹಾಲಿನಷ್ಟು ಬೆಳ್ಳಗೆ. ಒಂದು ಮಗಳ ಕಾರ್ಡಿಗೆ, ತಳದ್ದು ಅಮೃತಾಳ ಕಾರ್ಡಿಗೆ. ಹನ್ನೆರಡು ವಾರ. ಕಪ್ಪು ಬೊಟ್ಟುಗಳನ್ನು ಮಾತ್ರ ಬಿಸಾಕಲಿಲ್ಲ. ಡೈರಿಯ ಕೊನೆಯ ಹಾಳೆಗೆ ಸಾಲಾಗಿ ಅಂಟಿಸಿಟ್ಟಳು, ಯಾಕೆಂದು ಅವಳಿಗೇ ತಿಳಿಯದು. ಮಾರ್ಚಿನ ಮೀಟಿಂಗಿನಲ್ಲಿ ಸೌಂದರ್ಯಾ ಮೇಡಂ ಅವಳನ್ನು ಎಬ್ಬಿಸಿ ನಿಲ್ಲಿಸಿ, “ಎಲ್ಲಾರೂ ಮರೆವ್ವಾರನ್ನ ನೋಡಿ ಕಲೀರಿ,” ಎಂದಾಗ ಆಶಾಗಳೆಲ್ಲ ಚಪ್ಪಾಳೆ ಹೊಡೆದರು. ಅಂಥ ಚಪ್ಪಾಳೆ ಯಾವ ವೈರಿಗೂ ಬೇಡ. ಆ ಹೊತ್ತಿನಲ್ಲೂ ಅವಳು ಸೆರಗು ಸರಿಮಾಡಿಕೊಂಡು ನಕ್ಕಿದ್ದಳಲ್ಲ, ಥೂ, ಅದು ನೆನಪಾದರೆ ಈಗಲೂ ಕೆನ್ನೆ ಉರಿಯುತ್ತದೆ. ಈ ಸುಳ್ಳು ಬಿಳಿ ಬೊಟ್ಟುಗಳನ್ನು ನಂಬಿ ನಾಳೆ ಎಲ್ಲಿಯದೋ ಬಸುರಿಗೆ ಡಾಕ್ಟರು ಏನೋ ಹೇಳುತ್ತಾರೆ. ಅದಕ್ಕೆ ಯಾರು ಹೊಣೆ?

ಹಳ್ಳದ ಸೇತುವೆ ದಾಟಿ ಅವಳು ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. ಇದೇ ದಾರಿಯಲ್ಲಿ, ಇದೇ ಮನೆಗೆ, ಅವಳವ್ವ ಮಜ್ಜಿಗೆಗೆ ಹೋಗುತ್ತಿದ್ದಳು. ಆಗ ಶಂಭುಲಿಂಗಪ್ಪನವರ ತಾಯಿ ಇದ್ದರು. ಅವ್ವ ಕೆಳಗೆ ಕೂತು ಗಡಿಗೆ ಹಿಡಿಯುವುದು, ಆಕೆ ಕಟ್ಟೆಯ ಮೇಲೆ ನಿಂತು ಎತ್ತರದಿಂದ ಸುರಿಯುವುದು. ಗಾಳಿಗೆ ಮಜ್ಜಿಗೆ ಓರೆಯಾಗಿ ಅವ್ವನ ಮುಖಕ್ಕೆ, ತೋಳಿಗೆ ಸಿಡಿಯುತ್ತಿತ್ತು, ಬಾಜು ನಿಂತ ಹುಡುಗಿ ಮರೆವ್ವ ಅದನ್ನು ನಾಲಗೆಯಿಂದ ನೆಕ್ಕಿ ನಗುತ್ತಿದ್ದಳು. ಅವ್ವ ಆ ಮಜ್ಜಿಗೆಯದೇ ಒಂದು ಚಮಚೆ ಉಳಿಸಿ, ಆಡಿನ ಹಾಲಿಗೆ ಹೆಪ್ಪು ಹಾಕುತ್ತಿದ್ದಳು. ಟ್ರೇನಿಂಗಿನಲ್ಲಿ ಕೂತಿದ್ದಾಗ ಅದು ತಟ್ಟನೆ ಹೊಳೆದಿತ್ತು: ಆ ಮನೆಯ ಹೆಪ್ಪಿನ ಜೀವಗಳೇ ನಮ್ಮ ಹೊಟ್ಟೆಯಲ್ಲೂ ಇವೆ, ನಲವತ್ತು ವರ್ಷದಿಂದ. ಕಸ್ತೂರೆವ್ವನ ಗಂಡ ಉಂಡದ್ದನ್ನು ಅರಗಿಸುವ ಹುಳವೇ ಮರೆವ್ವ ಉಂಡದ್ದನ್ನು ಅರಗಿಸುತ್ತಿದೆ. ಒಳಗೆ ಅವು ಯಾರನ್ನೂ ಹೊರಗೆ ನಿಲ್ಲಿಸಿಲ್ಲ. ಇದನ್ನು ಯಾರಿಗಾದರೂ ಹೇಳಬೇಕೆನಿಸಿತ್ತು, ಹೇಳಲಿಲ್ಲ. ಮನೆಗೆ ಬಂದು ಶಿವಾನಿಗೆ ಹೇಳಿದರೆ ಅವಳು, “ಯವ್ವಾ, ನಿನಗ ಸಿಟ್ಟ ಬರೂದಿಲ್ಲೇನ? ಬರೇ ಇಂಥಾದ್ದೊಂದು ಹೊಳೀತೈತಿ,” ಎಂದಿದ್ದಳು. ಸಿಟ್ಟು ಬರುವುದಿಲ್ಲವಂತೆ! ಹದಿನಾಲ್ಕು ವರ್ಷದಿಂದ ಆ ಮನೆಯವರು ಕೊಟ್ಟ ಚಹಾವನ್ನು ಕಾಗದದ ಕಪ್ಪಿನಲ್ಲಿ ಕುಡಿದಿದ್ದಾಳೆ. ತೊಳೆಯುವ ಕೆಲಸ ಇಲ್ಲ ನೋಡು ಎಂದು ನಗುತ್ತಾಳೆ ಕಸ್ತೂರೆವ್ವ. ಸೌಂದರ್ಯಾ ಮೇಡಂ ಬಂದ ದಿನ ಮಾತ್ರ ಸ್ಟೀಲಿನ ಲೋಟ ತೊಳೆಯಲಿಕ್ಕೆ ಯಾರಿಗೂ ಬೇಜಾರಾಗಲಿಲ್ಲ. ಮೇಡಂ ಒಳಗೆ ಕುರ್ಚಿಯ ಮೇಲೆ ಕೂತು ಗಿರಮಿಟ್ಟು ತಿಂದು, ಬಿಳಿ ಬೊಟ್ಟು ನೋಡಿ ಸಂತೋಷಪಟ್ಟು ಹೋದಳು. ಮರೆವ್ವ ಯಾಕೆ ಹೊರಗೆ ನಿಂತಿದ್ದಾಳೆ ಎಂದು ಕೇಳಲಿಲ್ಲ. ಕಾಣಲಿಲ್ಲವೋ, ಕಂಡೂ ಕೇಳಲಿಲ್ಲವೋ.

ಗುಳಿಗೆಯ ಮಾತು ಹೋಗಲಿ ಅನ್ನೋಣ. ಹಿಟ್ಟಿದ್ದರೂ ಇದ್ದೀತು ಅದರಲ್ಲಿ; ಹಿಟ್ಟನ್ನು ಬಿಸಿಲಿಗಿಟ್ಟರೆ ಏನು ಕೆಡುತ್ತದೆ ಎಂದು ಅವಳು ಎಷ್ಟೋ ಸಲ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಆದರೆ ಬೆರಳು ಚುಚ್ಚುವುದು? ವಾರಕ್ಕೊಮ್ಮೆ ಬೆಳಿಗ್ಗೆ ಅಮೃತಾ ಹೊಸ್ತಿಲೊಳಗೆ ನಿಂತು ಕೈ ಹೊರಗೆ ಚಾಚುವುದು, ಮರೆವ್ವ ಬೆರಳು ಹಿಡಿದು ಸೂಜಿ ಚುಚ್ಚಿ ಒಂದು ಹನಿ ರಕ್ತ ಮಿಷನ್ನಿಗೆ ಹಾಕುವುದು. ಅಷ್ಟಕ್ಕೆ ಮುಟ್ಟದೆ ವಿಧಿಯಿಲ್ಲ. ಅವಳು ಮಿಷನ್ನು ಚೀಲಕ್ಕೆ ಹಾಕಿಕೊಳ್ಳುವ ಮುಂಚೆಯೇ ಬಚ್ಚಲಿನಲ್ಲಿ ನೀರು ಬೀಳುವ ಸಪ್ಪಳ ಶುರುವಾಗುತ್ತಿತ್ತು. ಬಚ್ಚಲಿನ ಕಿಂಡಿ ಕಟ್ಟೆಯ ಮೇಲಿನ ಗೋಡೆಯಲ್ಲೇ ಇದೆ. ಆರು ತಿಂಗಳ ಬಸುರಿ, ಏಳು ತಿಂಗಳ ಬಸುರಿ, ತಲೆಯ ಮೇಲೆ ನೀರು ಹುಯ್ದುಕೊಳ್ಳುವ ಸಪ್ಪಳ. ಮರೆವ್ವ ಕೇಳದವಳ ಹಾಗೆ ಬಿರಬಿರನೆ ಓಣಿ ತಿರುಗಿಬಿಡುತ್ತಿದ್ದಳು. ಏಳನೆಯ ತಿಂಗಳ ಕುಬಸದಲ್ಲಿ ಐದು ಮುತ್ತೈದೆಯರು ಹೋಳಿಗೆಯ ಮೇಲೆ ಹೋಳಿಗೆ, ಕರ್ಚಿಕಾಯಿಯ ಮೇಲೆ ಕರ್ಚಿಕಾಯಿ ಬಾಯಿಗೆ ಹಾಕಿದರಲ್ಲ, ಅದರ ಮರುದಿನ ಹೋದರೆ ಅಮೃತಾ ಕಿಟಕಿಯಿಂದಲೇ, “ಇವತ್ತ ಬ್ಯಾಡ ಮರೆವ್ವಕ್ಕಾ, ನೆಗಡಿ ಆಗೇತಿ, ತಲಿ ತೊಯಿಸಿಕೊಳ್ಳಾಕ ಆಗೂದಿಲ್ಲ,” ಎಂದಳು. ಮರುವಾರವೂ ಅದೇ. ಅದರ ಮರುವಾರವೂ ಅದೇ. ಮೂರು ವಾರ ಯಾರೂ ಶುಗರ್ ನೋಡಲಿಲ್ಲ, ಅದು ಸದ್ದಿಲ್ಲದೆ ಏರುತ್ತ ಹೋಯಿತು.

ಏರಿದರೆ ಏನಾಗುತ್ತದೆಂದು ಮರೆವ್ವಳಿಗೆ ಯಾವ ಟ್ರೇನಿಂಗೂ ಬೇಕಿರಲಿಲ್ಲ. ಹೋದ ವರ್ಷ, ಹೀಗೇ ಶುಗರ್ ಏರಿದ್ದ ಊರಿನ ರಾಜಮಾಬಿಗೆ ಹುಟ್ಟಿದ ಕೂಸು ನಾಲ್ಕು ಕಿಲೋ ಮುನ್ನೂರು. ಎಲ್ಲರೂ ಗುಂಡಗುಂಡಗೆ ಅದೆ ಎಂದು ದೃಷ್ಟಿ ತೆಗೆದರು. ಬಸಿರಿನಲ್ಲಿ ತಾಯಿಯ ಸಕ್ಕರೆಯನ್ನೇ ಉಂಡುಂಡು ರೂಢಿಯಾದ ಕೂಸಿಗೆ ಹೊಕ್ಕಳು ಕೊಯ್ದ ಮೇಲೆ ಒಮ್ಮೆಲೇ ಸಕ್ಕರೆ ಇಳಿದುಹೋಗುತ್ತದೆ. ಎರಡು ತಾಸಿನಲ್ಲಿ ಆ ಕೂಸಿನ ಕೈಗಳು ನಡುಗತೊಡಗಿದವು. “ಹಿಡಿ ಬೇ ಮರೆವ್ವಾ, ನಿನ್ನ ಕೈಯಾಗ ಹಿಡಿ,” ಎಂದು ರಾಜಮಾಬಿಯ ಅತ್ತೆ ಕೂಸನ್ನು ಅವಳ ಮಡಿಲಿಗೆ ಹಾಕಿದ್ದಳು. ಹುಬ್ಬಳ್ಳಿಯ ದಾರಿಯಲ್ಲಿ ಆಂಬುಲೆನ್ಸಿನಲ್ಲಿ ಆ ನಡುಕ ಮರೆವ್ವಳ ಎರಡೂ ಅಂಗೈಗೆ ಗೊತ್ತಾಗುತ್ತಲೇ ಇತ್ತು, ಅಣ್ಣಿಗೇರಿಯ ರಸ್ತೆ ಕೂಡುವತನಕ. ಅಲ್ಲಿಂದ ಮುಂದೆ ಗೊತ್ತಾಗಲಿಲ್ಲ.

ಶಂಭುಲಿಂಗಪ್ಪನವರ ಮನೆಯ ಮುಂದೆ ಅವಳು ನಿಂತಾಗ ನೆರಳು ಕಾಲಡಿಗೆ ಬಂದಿತ್ತು. ಕಟ್ಟೆಯ ಕಲ್ಲು ಬಿಸಿಲಿಗೆ ಝಳಝಳ ಎನ್ನುತ್ತಿತ್ತು. ತೆರೆದ ಬಾಗಿಲಿನಿಂದ ಒಳಗಿನ ತಂಪು, ಒಗ್ಗರಣೆಯ ವಾಸನೆ. ಪಡಸಾಲೆಯ ಗೋಡೆಗೆ ಶರಣರ ಫೋಟೋಗಳು, ಹೂ ಏರಿಸಿದ್ದು ಇನ್ನೂ ಬಾಡಿಲ್ಲ. ಪ್ರತಿ ಸೋಮವಾರ ಈ ಪಡಸಾಲೆಯಲ್ಲೇ ಹೆಂಗಸರು ಸೇರಿ ಎಲ್ಲರೂ ಒಂದೇ, ಎಲ್ಲರೂ ಒಂದೇ ಎಂದು ತಾಳ ಹಾಕಿ ಹಾಡುತ್ತಾರೆ. ಮರೆವ್ವ ದನಿ ಕೊಟ್ಟಳು. ಕಸ್ತೂರೆವ್ವ ಹಣೆಗೆ ಮೂರು ಬೆರಳ ವಿಭೂತಿ, ಕೈಯಲ್ಲಿ ಸೌಟು ಹಿಡಿದೇ ಬಂದಳು.

“ಬಾರವಾ ಮರೆವ್ವಾ. ಯವ್ವಾ, ಎಂಥಾ ಬಿಸಲ ಇದು! ಇಂಥಾದ್ರಾಗ ಬಂದಿ ನೋಡು. ಸೂಜಿ ಮದ್ದ ತಂದಿ ಹೌದಿಲ್ಲೊ?”

“ತಂದೀನ್ರಿ ಅವ್ವಾರ. ಊಟಕ್ಕಿಂತ ಮದಲ ಚುಚ್ಚಿಕೋಬೇಕಂತ ಡಾಕ್ಟರ್ ಹೇಳ್ಯಾರ. ಉಳದದ್ದು ಫ್ರಿಜ್ಜಿನಾಗ ಇಡಬೇಕಂತ.”

“ಹೂಂ, ಹೂಂ. ಅಡಗಿ ಒಲಿ ಮ್ಯಾಲ ಐತಿ. ಅಲ್ಲೇ ಇಡವಾ.”

ಮರೆವ್ವಳ ಕೈ ತಾನಾಗಿಯೇ ಕಟ್ಟೆಯ ಕಡೆಗೆ ಬಾಗಿತು. ಹನ್ನೆರಡು ವಾರದ ರೂಢಿ, ಹದಿನಾಲ್ಕು ವರ್ಷದ ರೂಢಿ, ಅವಳವ್ವನ ರೂಢಿ. ಒದ್ದೆ ಚೀಲದಿಂದ ಒಂದು ಹನಿ ಕಲ್ಲಿನ ಮೇಲೆ ಬಿತ್ತು, ನೋಡನೋಡುತ್ತ ಅದು ಆರಿಹೋಯಿತು, ಗುರುತೂ ಉಳಿಯಲಿಲ್ಲ. ಅವಳು ಅದನ್ನೇ ನೋಡಿದಳು. ಎರಡೂ ಅಂಗೈಯಲ್ಲಿ ಆ ನಡುಕ ಮತ್ತೆ ಗೊತ್ತಾದಂತಾಯಿತು. ಕೈ ಹಿಂದಕ್ಕೆ ತಗೊಂಡಳು. ಚೀಲದಿಂದ ಡಬ್ಬಿ ತೆಗೆದು, ಟವೆಲ್ಲು ಬಿಚ್ಚಿ, ತಣ್ಣಗಿನ ಡಬ್ಬಿಯನ್ನು ಕಸ್ತೂರೆವ್ವನ ಎದೆಯ ಮಟ್ಟಕ್ಕೆ ಚಾಚಿದಳು.

“ಇಡೂದಿಲ್ರಿ. ಕೈಯಾಗ ತಗೋರಿ.”

ಕಸ್ತೂರೆವ್ವ ಒಂದು ಗಳಿಗೆ ಅರ್ಥವಾಗದವಳ ಹಾಗೆ ನೋಡಿ, ನಕ್ಕಳು. “ಅಲ್ಲವಾ, ಅಲ್ಲೇ ಇಟ್ಟರ ಏನ ಹುಲಿ ಬಂದು ಒಯ್ತೈತೇನು? ಕಾಶಿನಾಥ ಈಗ ಬರ್ತಾನ.”

“ಕಾಶಿನಾಥಪ್ಪಾರು ಬರೂದು ಹೊತ್ತ ಮುಳಗಿದ ಮ್ಯಾಲ. ಅಲ್ಲೀತನಕಾ ಇದು ನೀರಾಗಿ ಹೋಗಿರ್ತೈತಿ. ಗುಳಗಿ ಎಲ್ಲಾ ಇದ ಕಲ್ಲ ಮ್ಯಾಲ ಸತ್ತಾವ್ರಿ ಅವ್ವಾರ. ಹನ್ನೆರಡು ವಾರ ನಾನ ಇಟ್ಟೀನಿ, ನಾನ ಕೊಂದೀನಿ. ಇವತ್ತ ಇಡೂದಿಲ್ಲ.”

“ಏನ ಮಾತಾಡ್ತೀಯ ನೀ? ತಲಿಗೆ ಬಿಸಲ ಹತ್ತೇತೇನು? ಪೂಜಿ ಆಗೇತಿ ನನ್ನದು—”

“ನಿಮ್ಮ ಪೂಜಿ ಆಗ್ಲಿ ಬಿಡ್ರಿ, ನಾ ಏನ ಬ್ಯಾಡಂದ್ನಿ? ನಿಮ್ಮ ಮೊಮ್ಮಗಂದು ಹೇಳತೀನಿ ನಾನು. ಹುಟ್ಟಿದ ಎರಡು ತಾಸಿಗೆ ಕೂಸು ಹೆಂಗ ನಡಗತೈತಿ ಅಂತ ನೀವು ನೋಡಿಲ್ಲ, ನಾ ನೋಡೀನಿ. ಇದ ಕೈಯಾಗ ನೋಡೀನಿ.” ತನ್ನ ದನಿ ಇಷ್ಟು ಎತ್ತರಕ್ಕೆ ಹೋಗುತ್ತದೆಂದು ಮರೆವ್ವಳಿಗೇ ಗೊತ್ತಿರಲಿಲ್ಲ. ಎದುರು ಮನೆಯ ಬಾಗಿಲಲ್ಲಿ ಯಾರೋ ಬಂದು ನಿಂತದ್ದು ಕಾಣಿಸಿತು. ನಿಲ್ಲಲಿ. ನೋಡಲಿ. ಡಬ್ಬಿ ಹಿಡಿದ ತೋಳು ನೋಯತೊಡಗಿತ್ತು, ಬಿಸಿಲು ನೆತ್ತಿಯ ಮೇಲೆ ಕೂತಿತ್ತು. ಒಂದು ಮನಸ್ಸು, ಸಾಕು, ಇಟ್ಟು ಹೋಗು ಮಾರಾಯ್ತಿ, ನಾಳೆಯಿಂದ ಈ ಓಣಿಯಲ್ಲಿ ಹೇಗೆ ತಿರುಗುತ್ತೀ ಎಂದಿತು. ಅದಕ್ಕೆ ಅವಳು ಮನಸ್ಸಿನಲ್ಲೇ ಅಸಹ್ಯವಾಗಿ ಬೈದಳು.

ಒಳಗಿನ ಕತ್ತಲೆಯಿಂದ ಅಮೃತಾ ಗೋಡೆ ಹಿಡಿದುಕೊಂಡು ಬಂದು ನಿಂತಳು. ಮುಖ ಬಾತುಕೊಂಡಿತ್ತು. ಒಂದು ಕೈ ಹೊಟ್ಟೆಯ ಮೇಲಿತ್ತು. ಆ ಮನೆಯಲ್ಲಿ ಅವಳು ಗಟ್ಟಿ ಮಾತಾಡಿದ್ದನ್ನು ಮರೆವ್ವ ಕೇಳಿರಲಿಲ್ಲ, ಈಗಲೂ ಮೆಲ್ಲಗೇ ಹೇಳಿದಳು. “ಅತ್ತೀ, ನೀವ ತಗೋರಿ. ಇಲ್ಲಾಂದ್ರ ನಾ ಹೊಸ್ತಿಲ ದಾಟಿ ತಗೋತೀನಿ.”

“ಮಟಮಟ ಮಧ್ಯಾಹ್ನ? ನಿನಗೇನ ಬುದ್ಧಿ ಐತೋ ಇಲ್ಲೋ?”

“ದಾಟತೀನ್ರಿ,” ಎಂದು ಅಮೃತಾ ನಿಜವಾಗಿಯೂ ಒಂದು ಹೆಜ್ಜೆ ಮುಂದಿಟ್ಟಳು.

ಕಸ್ತೂರೆವ್ವ ಸೌಟನ್ನು ಎಡಗೈಗೆ ತಗೊಂಡಳು. ಹೊಸ್ತಿಲಿಗೆ ಬಂದು, ಮುಖ ಅತ್ತ ತಿರುಗಿಸಿ, ಹೆಬ್ಬೆರಳು ತೋರುಬೆರಳು ಎರಡರಿಂದ ಡಬ್ಬಿಯ ಮುಚ್ಚಳದ ಅಂಚು ಹಿಡಿದಳು, ಸತ್ತ ಇಲಿಯ ಬಾಲ ಹಿಡಿದ ಹಾಗೆ. ಮರೆವ್ವ ಬಿಡಲಿಲ್ಲ. ಕಸ್ತೂರೆವ್ವ ಜಗ್ಗಿದಳು. ಬಿಡಲಿಲ್ಲ. “ಬೀಳತೈತ್ರಿ. ಗಾಜಿನ ಬಾಟ್ಲಿ. ಪೂರಾ ಕೈಲೆ ಹಿಡೀರಿ.” ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಷ್ಟು ವರ್ಷದಲ್ಲಿ ಕಸ್ತೂರೆವ್ವನ ಕಣ್ಣಿನ ಬಣ್ಣ ಕಂದು ಎಂಬುದು ಮರೆವ್ವಳಿಗೆ ಈಗ ಕಂಡಿತು. ಆ ಕಣ್ಣಿನಲ್ಲಿ ದ್ವೇಷವಿರಲಿಲ್ಲ, ಬರೀ ಹೆದರಿಕೆ. ಅದನ್ನು ಕಂಡು ಅವಳ ಸಿಟ್ಟು ಇನ್ನೂ ಹೆಚ್ಚಾಯಿತು. ಕೊನೆಗೆ ಕಸ್ತೂರೆವ್ವನ ಅಂಗೈ ಡಬ್ಬಿಯ ಕೆಳಗೆ ಬಂತು, ಮರೆವ್ವಳ ಬೆರಳುಗಳ ಮೇಲೆ ಕೂತಿತು. ಐಸಿಗೆ ಮರಗಟ್ಟಿದ್ದ ಬೆರಳಿಗೆ ಆ ಕೈ ಬಿಸಿಯಾಗಿ, ಮೆತ್ತಗೆ, ಸ್ವಲ್ಪ ಹಿಟ್ಟು ಹಿಟ್ಟಾಗಿ ಹತ್ತಿತು. ಎಲ್ಲ ಹೆಂಗಸರ ಕೈಯ ಹಾಗೆಯೇ. ಮರೆವ್ವ ಬಿಟ್ಟಳು.

ಬಾಗಿಲು ಹಾಕಿಕೊಂಡಿತು. ಅವಳು ಹೋಗಲಿಲ್ಲ. ಈ ಮನೆಯಲ್ಲಿ ಎಂದೂ ಕೂಡದಿದ್ದ ಕಟ್ಟೆಯ ಮೇಲೆ, ಟವೆಲ್ಲು ಹಾಸಿ, ಡಬ್ಬಿ ಇಡುತ್ತಿದ್ದ ಅದೇ ಜಾಗದಲ್ಲಿ ಕೂತಳು. ಟವೆಲ್ಲಿನ ಮೇಲೆಯೂ ಕಲ್ಲು ಸುಟ್ಟಿತು. ಒಳಗೆ ಫ್ರಿಜ್ಜಿನ ಬಾಗಿಲು ತೆಗೆದ ಸಪ್ಪಳ, ಹಾಕಿದ ಸಪ್ಪಳ. ಎಷ್ಟೋ ಹೊತ್ತಾದ ಮೇಲೆ ಕಿಟಕಿಯಲ್ಲಿ ಅಮೃತಾಳ ದನಿ: “ಮರೆವ್ವಕ್ಕಾ, ಚುಚ್ಚಿಕೊಂಡ್ನಿ. ಹೊಟ್ಟಿಗೇ, ನಿನ್ನೆ ತೋರಿಸಿದ್ಹಾಂಗ. ನೂಸಲಿಲ್ಲ.” ಮರೆವ್ವ, “ಹದಿನೈದು ನಿಮಿಷ ಬಿಟ್ಟು ಉಣ್ಣು. ಅನ್ನ ಕಡಿಮಿ, ರೊಟ್ಟಿ ಪಲ್ಲೆ ಉಣ್ಣು,” ಎಂದಳು. ಆಗಲೇ ತಲೆಯ ಮೇಲಿನ ಕಿಂಡಿಯಿಂದ ನೀರಿನ ಸಪ್ಪಳ ಬಂತು. ಬಚ್ಚಲಿನಲ್ಲಿ ಕಸ್ತೂರೆವ್ವ. ತಂಬಿಗೆಯ ಮೇಲೆ ತಂಬಿಗೆ. ಇಂಥ ಹೊತ್ತಿನಲ್ಲಿ ಮರೆವ್ವ ಯಾವಾಗಲೂ ಎದ್ದು ಓಣಿ ತಿರುಗಿಬಿಡುತ್ತಿದ್ದಳು. ಈಗ ಡೈರಿ ತೆಗೆದು ಕೊನೆಯ ಹಾಳೆ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಫೋನು ಹಚ್ಚಿದಳು.

“ಮೇಡಮ್ಮಾರ, ಅಮೃತಾದು ಕಾರ್ಡ್ ಮುಚ್ಚಬ್ಯಾಡ್ರಿ. ಅದರಾಗಿನ ಬಿಳೀ ಸ್ಟಿಕ್ಕರ್ ಅಕೀವಲ್ಲ, ನನ್ನ ಮಗಳ ಡಬ್ಬಿವು. ನಾನ ಹಚ್ಚೀನಿ. ಅಕೀವು ಹನ್ನೆರಡೂ ಕರೀ ಆಗ್ಯಾವ, ನನ್ನ ಕಡೆ ಅದಾವ.”

“ಮರೆವ್ವಾರ, ಏನ್ ಹೇಳಾಕ್ಹತ್ತೀರಿ ನೀವು? ಗೊತ್ತೈತೇನ್ರಿ ಇದರಿಂದ ನಿಮ್ಮ ಕೆಲಸಕ್ಕ—”

“ಗೊತ್ತೈತ್ರಿ. ನನ್ನ ತಪ್ಪ ಅಂತ ಬರಕೋರಿ, ಸಹಿ ಮಾಡತೀನಿ. ಅದರ ಬಾಜು ಕಾರಣಾನೂ ಬರೀರಿ.”

“ಕಾರಣ ಅಂತ ಖಾನೆ ಇಲ್ರಿ ಅದರಾಗ,” ಎಂದಳು ಸೌಂದರ್ಯಾ, ಮೆಲ್ಲಗೆ. ಆಮೇಲೆ, ಇನ್ನೂ ಮೆಲ್ಲಗೆ, “ಏನಂತ ಬರೀಲಿ?”

ಹೇಳಲಿಕ್ಕೆ ಬಾಯಿ ತೆರೆದಳು ಮರೆವ್ವ. ಆ ಒಂದು ವಾಕ್ಯ ಈಗಲೂ ಹೊರಬರಲಿಲ್ಲ. ಯಾಕೆ ಹೇಳಬೇಕು ತಾನು? ಯಾರ ನಾಚಿಕೆ ಅದು? ಅವಳು ಕಟ್ಟೆಯ ಮೇಲೆ ಎದ್ದು ನಿಂತು, ಫೋನು ಹಿಡಿದ ಕೈಯನ್ನು ಮೇಲೆತ್ತಿ ಬಚ್ಚಲಿನ ಕಿಂಡಿಗೆ ಹಿಡಿದಳು. ಒಳಗೆ ಒಂದು ತಂಬಿಗೆ ನೀರು ಬಿತ್ತು, ಇನ್ನೊಂದು ಬಿತ್ತು, ಮತ್ತೊಂದು.

“ಕೇಳಾಕತ್ತೈತೇನ್ರಿ ಮೇಡಮ್ಮಾರ?” ಎಂದು ಕೆಳಗಿನಿಂದ ಕೂಗಿ ಕೇಳಿದಳು, ಬಚ್ಚಲಿನೊಳಗೂ ಕೇಳುವ ಹಾಗೆ. “ಇದನ್ನ ಬರಕೋರಿ.”